ತಾಯಿ ಕಾರ್ಡಿನಲ್ಲಿ ನಿಂತುಹೋದ ತೂಕ

ತೂಕದ ಯಂತ್ರದ ಮೇಲೆ ನಿಲ್ಲಿಸುವ ಮೊದಲು ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ತೂಕ ಎಷ್ಟಿರಬಹುದು?" ಹಾಸನದ ನನ್ನ ಕ್ಲಿನಿಕ್ಕಿಗೆ ಬರುವ ಗಂಡಸರಲ್ಲಿ ಹೆಚ್ಚಿನವರು "ಗೊತ್ತಿಲ್ಲ, ನೋಡಿ ಹೇಳಿ" ಎನ್ನುತ್ತಾರೆ. ಹೆಂಗಸರ ಹತ್ತಿರ ಒಂದು ಸಂಖ್ಯೆ ಇದ್ದೇ ಇರುತ್ತದೆ. ಕಳೆದ ಮಳೆಗಾಲದಲ್ಲಿ ಮಂಡಿನೋವೆಂದು ಬಂದ ನಲವತ್ಮೂರು ವರ್ಷದ ಒಬ್ಬರು ಯೋಚಿಸದೆ "ಐವತ್ತೆರಡು" ಅಂದರು. ಯಂತ್ರ ತೋರಿಸಿದ್ದು 64. "ನಿಮ್ಮ ಮಿಷಿನ್ನು ಸರಿ ಇಲ್ಲ ಮೇಡಮ್" ಎಂದು ಕೆಳಗಿಳಿದು, ಕೈಯಲ್ಲಿದ್ದ ಪರ್ಸನ್ನು ಮಗಳಿಗೆ ಕೊಟ್ಟು, ಮತ್ತೆ ಹತ್ತಿದರು. 63.5.

ಅವರು ಸುಳ್ಳು ಹೇಳಿರಲಿಲ್ಲ. ಆ ಐವತ್ತೆರಡು ಎಲ್ಲಿಂದ ಬಂತು ಎಂದು ಕೇಳುತ್ತಾ ಹೋದಾಗ ಸಿಕ್ಕಿದ್ದು ತಾಯಿ ಕಾರ್ಡು. ಎರಡನೇ ಮಗುವಿನ ಬಸಿರಿಗೆ ಮೂರು ತಿಂಗಳಾಗಿದ್ದಾಗ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಬರೆದುಕೊಂಡ ತೂಕ ಅದು. ಆ ಮಗು ಈಗ ಹೈಸ್ಕೂಲಿನಲ್ಲಿದೆ. ನಡುವಿನ ಇಷ್ಟೂ ವರ್ಷ ಮಕ್ಕಳನ್ನು ಅಂಗನವಾಡಿಯಲ್ಲಿ ತೂಗಿಸಿದ್ದಾರೆ, ಡೇರಿಯಲ್ಲಿ ಹಾಲು ಅಳೆಸಿದ್ದಾರೆ, ಮಂಡಿಯಲ್ಲಿ ಶುಂಠಿ ತೂಗಿಸಿದ್ದಾರೆ. ತಮ್ಮನ್ನು ತೂಗಿಸಿಕೊಂಡಿಲ್ಲ. ಬಸುರಿಯಾಗಿದ್ದಾಗ ತಿಂಗಳು ತಿಂಗಳು ತೂಕ ನೋಡಿದ ನಮ್ಮ ವ್ಯವಸ್ಥೆ ಹೆರಿಗೆಯಾದ ಮೇಲೆ ಆ ಹೆಂಗಸನ್ನು ಮತ್ತೆ ತಕ್ಕಡಿಗೆ ಕರೆದದ್ದು ಅಪರೂಪ. ಹಾಗಾಗಿ ತೂಕ ಎಂದರೆ ಅವರಿಗೆ ನೆನಪಾಗುವುದು ಕೊನೆಯ ಬಸಿರಿನ ಕಾಲದ ತೂಕವೇ.

ಇಂಥವರು ಒಬ್ಬಿಬ್ಬರಲ್ಲ. ತೂಕವನ್ನು ಬಾಯಲ್ಲಿ ಹೇಳಿಸಿ, ಆಮೇಲೆ ಅಳೆದು ನೋಡಿದ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದಿವೆ. ಜನ ತೂಕವನ್ನು ಒಂದಿಷ್ಟು ಕಡಿಮೆ, ಎತ್ತರವನ್ನು ಒಂದಿಷ್ಟು ಹೆಚ್ಚು ಹೇಳುತ್ತಾರೆ ಎಂಬುದು ಅವುಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಮ್ಮಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆ ಮನೆಗೆ ಯಂತ್ರ ಹೊತ್ತುಕೊಂಡು ಹೋಗಿ ಅಳೆಯುತ್ತಾರೆ. 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಜನರ ತೂಕ ಹೆಚ್ಚಿತ್ತು; ಅದಕ್ಕೂ ಹಿಂದಿನ ಸುತ್ತಿನಲ್ಲಿ ಇದು 23 ಇತ್ತು. ಅದೇ ಹೊತ್ತಿಗೆ ನೂರಕ್ಕೆ 17 ಜನರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಒಂದೇ ರಾಜ್ಯದಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಎರಡೂ ಇವೆ. ನಾನು ಕಂಡ ಹಾಗೆ ತಪ್ಪು ಅಂದಾಜೂ ಎರಡು ದಿಕ್ಕಿಗಿದೆ. ತೂಕ ಹೆಚ್ಚಿರುವ ನಡುವಯಸ್ಸಿನವರು "ನಾನೇನು ಅಷ್ಟು ದಪ್ಪ ಇಲ್ಲ" ಎನ್ನುತ್ತಾರೆ. ತೂಕ ಕಡಿಮೆ ಇರುವ ಹುಡುಗಿಯರು "ನಾನು ದಪ್ಪ" ಎಂದು ಅಳುತ್ತಾರೆ.

ಬಟ್ಟೆಯಿಂದ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಸೀರೆ, ನೈಟಿ, ಎಲಾಸ್ಟಿಕ್ಕಿನ ಲೆಗ್ಗಿಂಗ್ಸ್ ಉಡುವವರಿಗೆ ಗೊತ್ತಾಗುವುದು ಕಷ್ಟ. ಪ್ಯಾಂಟಿನ ಗುಂಡಿ ಹಾಕಲಾಗದೆ ಗಂಡಸಿಗೆ ತಿಳಿಯುವ ಸಂಗತಿ ಲಂಗದ ಲಾಡಿ ಕಟ್ಟುವವರಿಗೆ ತಿಳಿಯದು. ಲಾಡಿ ಎಷ್ಟು ಬೇಕೋ ಅಷ್ಟು ಸಡಿಲವಾಗುತ್ತದೆ. ರವಿಕೆ ಒಂದೇ ಸಾಕ್ಷಿ. ಅದಕ್ಕೂ ನಮ್ಮ ಟೈಲರುಗಳು ಒಳಗೆ ಎರಡು ಮೂರು ಸಾಲು ಹೊಲಿಗೆ ಹಾಕಿ ಬಟ್ಟೆ ಬಿಟ್ಟಿರುತ್ತಾರೆ. ಬಿಗಿಯಾದಾಗ ಮನೆಯಲ್ಲೇ ಬ್ಲೇಡಿನಿಂದ ಒಂದು ಸಾಲು ಬಿಚ್ಚಿದರಾಯಿತು. ಹೊಸದನ್ನು ಹೊಲಿಸುವಾಗ "ಅಳತೆ ಬ್ಲೌಸ್ ಕೊಡ್ತೀನಿ, ಸ್ವಲ್ಪ ಸಡಿಲ ಇಡಿ" ಎಂದರೆ ಮುಗಿಯಿತು. ಬಿಚ್ಚಿದ ಒಂದೊಂದು ಸಾಲಿಗೆ ಎಷ್ಟು ಕಿಲೋ ಎಂದು ಯಾರೂ ಲೆಕ್ಕ ಇಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ನಮ್ಮಲ್ಲಿ ಹೆಂಗಸಿನ ತೂಕ ಅವಳ ಬಗ್ಗೆ ಇನ್ನೇನನ್ನೋ ಹೇಳುವ ಮಾತಾಗಿಬಿಟ್ಟಿದೆ. ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಬಂದ ಮಗಳು ಮೈಕೈ ತುಂಬಿಕೊಂಡಿದ್ದರೆ "ಗಂಡನ ಮನೇಲಿ ಚೆನ್ನಾಗಿ ನೋಡ್ಕೊಂಡಿದ್ದಾರೆ" ಎಂದು ನೆಂಟರು ಸಮಾಧಾನಪಡುತ್ತಾರೆ. ಇಳಿದಿದ್ದರೆ "ಯಾಕೆ ಹಿಂಗೆ ಸೊರಗಿದ್ದೀಯ" ಎಂದು ಅಡುಗೆಮನೆಗೆ ಕರೆದು ಗುಟ್ಟಾಗಿ ವಿಚಾರಿಸುತ್ತಾರೆ. ಅದೇ ಮಗಳಿಗೆ ಗಂಡು ನೋಡುವ ಕಾಲದಲ್ಲಿ "ಸ್ವಲ್ಪ ಇಳಿಸು, ಫೋಟೋದಲ್ಲಿ ದಪ್ಪ ಕಾಣ್ತೀಯ" ಎಂದವರೂ ಇವರೇ. ಮಗು ಆಗದಿದ್ದರೆ ತೂಕವೇ ಕಾರಣ ಎನ್ನುತ್ತಾರೆ; ಬಾಣಂತಿ ಬೇಗ ಸಣ್ಣಗಾದರೆ ಬಾಣಂತನ ಸರಿಯಾಗಲಿಲ್ಲ ಎನ್ನುತ್ತಾರೆ. ಹೀಗೆ ತನ್ನ ಮೈಯನ್ನು ಜೀವಮಾನವಿಡೀ ಬೇರೆಯವರ ಬಾಯಿಂದ ಕೇಳಿ ತಿಳಿದವಳಿಗೆ ಅದರ ನಿಜವಾದ ಅಳತೆ ಗೊತ್ತಿಲ್ಲದಿದ್ದರೆ ತಪ್ಪು ಅವಳದಲ್ಲ. ಅವಳು ಅತ್ತಿಗೆಗಿಂತ ಸಣ್ಣ, ತಂಗಿಗಿಂತ ದಪ್ಪ. ಅಷ್ಟನ್ನು ಮಾತ್ರ ಬಲ್ಲಳು. ಸುತ್ತಲಿನವರೆಲ್ಲರ ತೂಕ ಏರಿದರೆ ಆ ಹೋಲಿಕೆಯ ಗೆರೆಯೂ ಅವರ ಜೊತೆ ಏರುತ್ತದೆ.

ತೂಕ ಏರಿದ್ದು ಒಪ್ಪಿದರೂ ಅದಕ್ಕೆ ಬೇರೆ ಹೆಸರುಗಳಿರುತ್ತವೆ. "ಇದು ದಪ್ಪ ಅಲ್ಲ ಡಾಕ್ಟ್ರೇ, ಊತ", "ಗ್ಯಾಸು ತುಂಬ್ಕೊಂಡಿದೆ", "ನಮ್ಮ ವಂಶದ್ದೇ ದಪ್ಪ ಮೂಳೆ". ಎಲ್ಲಕ್ಕಿಂತ ಹೆಚ್ಚು ಕೇಳುವುದು "ಆಪರೇಷನ್ ಆದ್ಮೇಲೆ ಹೊಟ್ಟೆ ಬಂತು" ಎಂಬ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳವನ್ನು ಕಟ್ಟುತ್ತಾರೆ ಅಥವಾ ಕತ್ತರಿಸುತ್ತಾರೆ. ಅಂಡಾಶಯ ಇದ್ದಲ್ಲೇ ಇರುತ್ತದೆ, ಹಾರ್ಮೋನುಗಳು ಮೊದಲಿನಂತೆಯೇ ಬರುತ್ತವೆ. ಹೊಟ್ಟೆ ಬರಲು ಆಪರೇಷನ್ ಕಾರಣವಲ್ಲ. ಆದರೆ ಅದು ನಡೆಯುವುದು ಕೊನೆಯ ಹೆರಿಗೆಯ ಬೆನ್ನಿಗೆ. ಬಸಿರಿನಲ್ಲಿ ಏರಿದ ತೂಕ ಪೂರ್ತಿ ಇಳಿದಿರುವುದಿಲ್ಲ, ಭಾರ ಎತ್ತಬೇಡ ಎಂದು ಕೂರಿಸಿರುತ್ತಾರೆ, ನಿದ್ದೆ ಕೆಟ್ಟಿರುತ್ತದೆ, ಮಕ್ಕಳು ಬಿಟ್ಟ ಅನ್ನವೂ ಇವರ ತಟ್ಟೆಗೇ ಬರುತ್ತದೆ. ಇವೆಲ್ಲ ಒಟ್ಟಿಗೆ ಬಂದ ಕಾಲದ ಗುರುತಾಗಿ ನೆನಪಿನಲ್ಲಿ ಉಳಿಯುವುದು ಆಪರೇಷನ್. ಹಾಗೆಂದು "ಊತ" ಎಂದವರನ್ನು ನಾನು ತಳ್ಳಿಹಾಕುವುದಿಲ್ಲ. ಕಾಲನ್ನು ಒತ್ತಿ ನೋಡುತ್ತೇನೆ, ಥೈರಾಯ್ಡ್ ಪರೀಕ್ಷೆ ಬರೆಯುತ್ತೇನೆ. ಕೆಲವರಿಗೆ ಅದು ನಿಜವಾಗಿಯೂ ಊತವೇ ಆಗಿರುತ್ತದೆ.

ಅಳತೆ ಎಂದರೆ ಏನನ್ನು ಅಳೆಯಬೇಕು? ಬಿಎಮ್‌ಐ ಎಂಬ ಲೆಕ್ಕದ ಹೆಸರು ಈಗ ಎಲ್ಲರಿಗೂ ಗೊತ್ತು: ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸುವುದು. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ 1830ರ ದಶಕದಲ್ಲಿ ಇದನ್ನು ಕಂಡುಕೊಂಡದ್ದು ಜನಸಮುದಾಯವನ್ನು ಅಳೆಯಲಿಕ್ಕೆ, ಒಬ್ಬೊಬ್ಬರ ಆರೋಗ್ಯ ಹೇಳಲಿಕ್ಕಲ್ಲ. ಈಗಿನ ಹೆಸರು ಬಂದದ್ದು 1972ರಲ್ಲಿ. ಪಾಶ್ಚಾತ್ಯರಿಗೆ 25 ದಾಟಿದರೆ ತೂಕ ಹೆಚ್ಚು. ನಮ್ಮವರಿಗೆ ಸಕ್ಕರೆ ಕಾಯಿಲೆ ಇನ್ನೂ ಕಡಿಮೆ ತೂಕದಲ್ಲೇ ಬರುವುದರಿಂದ 23ಕ್ಕೇ ಎಚ್ಚರವಾಗಬೇಕು. ಐದಡಿ, ಅಂದರೆ ಸುಮಾರು 152 ಸೆಂಟಿಮೀಟರ್ ಎತ್ತರದ ಹೆಂಗಸಿಗೆ 43ರಿಂದ 53 ಕಿಲೋ ಸರಿಯಾದ ತೂಕ. ನಮ್ಮ ಊರುಗಳ ಹೆಂಗಸರ ಎತ್ತರ ಹೆಚ್ಚುಕಡಿಮೆ ಇಷ್ಟೇ. "ಅರವತ್ತು ಕೆಜಿ ಅಂದ್ರೆ ನಾರ್ಮಲ್ ಅಲ್ವಾ?" ಎಂದು ಕೇಳುವವರಿಗೆ ಎತ್ತರವನ್ನು ಬಿಟ್ಟು ತೂಕದ ಮಾತಾಡುವಂತಿಲ್ಲ ಎಂದು ಹೇಳಬೇಕಾಗುತ್ತದೆ.

ಬಿಎಮ್‌ಐ ಕೂಡ ಪೂರ್ತಿ ಹೇಳುವುದಿಲ್ಲ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಚಿತ್ರವೊಂದು ಬಂತು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಮ್‌ಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ಅವರು ಗಂಡಸರು, ನಿಜ. ಆದರೆ "ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ" ಎಂದು ನಮ್ಮ ಹೆಂಗಸರು ತಮ್ಮನ್ನು ತಾವೇ ಬಣ್ಣಿಸಿಕೊಳ್ಳುವಾಗ ಹೇಳುವುದೂ ಇದನ್ನೇ. ಮುಟ್ಟು ನಿಲ್ಲುವ ವಯಸ್ಸಿಗೆ ತೊಡೆ, ನಿತಂಬದಲ್ಲಿದ್ದ ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ; ತಕ್ಕಡಿಯ ಮುಳ್ಳು ಕದಲದೆಯೇ ಅಪಾಯ ಏರಿರುತ್ತದೆ.

ಹಾಗಾಗಿ ನನ್ನ ಮೇಜಿನ ಮೇಲೆ ಸ್ಟೆತೊಸ್ಕೋಪಿನ ಪಕ್ಕ ಟೈಲರ್ ಟೇಪು ಇರುತ್ತದೆ. ಸೊಂಟ ತೋರಿಸಿ ಎಂದರೆ ಎಲ್ಲರೂ ಲಾಡಿ ಕಟ್ಟುವ ಜಾಗ ತೋರಿಸುತ್ತಾರೆ. ಅದು ಹೊಟ್ಟೆಯ ಕೆಳಗೆ, ಇಳಿಜಾರಿನಲ್ಲಿ. ಅಲ್ಲಿ ಅಳೆದರೆ ಎಷ್ಟೋ ಸಲ ಕಡಿಮೆಯೇ ಸಿಗುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಟ್ಟನಡುವೆ, ಸೆರಗು ಸರಿಸಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಎಲ್ಲರೂ ಎಳೆದುಕೊಳ್ಳುತ್ತಾರೆ, ಏನಾದರೂ ಮಾತಾಡಿಸುತ್ತಾ ಇದ್ದರೆ ಬಿಡುತ್ತಾರೆ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು, ಗಡಿ. ಟೇಪು ಇಲ್ಲದವರಿಗೆ ದಾರ ಸಾಕು: ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಿಸಿ, ಸೊಂಟಕ್ಕೆ ಸುತ್ತಿ. ತುದಿಗಳು ಕೂಡಬೇಕು.

ಇನ್ನು ಹುಡುಗಿಯರು. ತಲೆಸುತ್ತು ಎಂದು ತಾಯಿಯ ಜೊತೆ ಬಂದ ಬಿ.ಕಾಂ. ವಿದ್ಯಾರ್ಥಿನಿಯ ಎತ್ತರ 160 ಸೆಂಟಿಮೀಟರ್, ತೂಕ 46, ಬಿಎಮ್‌ಐ 18ರ ಒಳಗೆ, ಹಿಮೋಗ್ಲೋಬಿನ್ 8.6. ಬೆಳಗಿನ ತಿಂಡಿ ಬಿಟ್ಟು ಒಂದು ವರ್ಷವಾಗಿತ್ತು. ತೀರ ತೆಳ್ಳಗಿನಿಂದ ತೀರ ದಪ್ಪದವರೆಗೆ ಒಂಬತ್ತು ಹೆಂಗಸರ ರೇಖಾಚಿತ್ರಗಳಿರುವ ಹಾಳೆಯೊಂದನ್ನು ನಾನು ಬಳಸುತ್ತೇನೆ. 1983ರಲ್ಲಿ ಅಮೆರಿಕದ ಮನೋವೈದ್ಯ ಸ್ಟಂಕರ್ಡ್ ಮತ್ತು ಸಂಗಡಿಗರು ರೂಪಿಸಿದ್ದು. "ಇದರಲ್ಲಿ ನೀನು ಯಾರಮ್ಮಾ?" ಎಂದೆ. ಆರನೆಯದರ ಮೇಲೆ ಬೆರಳಿಟ್ಟಳು. ತಾಯಿ ಎರಡನೆಯದನ್ನು ತೋರಿಸಿ ಕಣ್ಣೊರೆಸಿಕೊಂಡರು. ಆರನೇ ತರಗತಿಯಲ್ಲಿ ಅವಳನ್ನು ಡುಮ್ಮಿ ಎಂದು ಕರೆಯುತ್ತಿದ್ದರಂತೆ. ಆಗಿನ ಮೈ ಹೋಗಿ ಏಳು ವರ್ಷವಾಗಿದೆ, ಹೆಸರು ಉಳಿದಿದೆ. ಮೊದಲು ಹೇಳಿದವರಿಗೆ ಆ ಐವತ್ತೆರಡು ಹೇಗೋ, ಇವಳಿಗೆ ಈ ಹೆಸರು ಹಾಗೆ. ಇಂಥವರಿಗೆ "ನೀನು ದಪ್ಪ ಇಲ್ಲ" ಎಂದರೆ ಪ್ರಯೋಜನವಿಲ್ಲ, ಕನ್ನಡಿಯೇ ಹೇಳುತ್ತಿದೆಯಲ್ಲ ಎನ್ನುತ್ತಾರೆ. ನಾನು ಹಿಮೋಗ್ಲೋಬಿನ್ ಹಿಡಿದು ಮಾತು ಶುರುಮಾಡುತ್ತೇನೆ, ತೂಕದ ಮಾತನ್ನು ಕೆಲವು ಭೇಟಿಗಳವರೆಗೆ ಎತ್ತುವುದೇ ಇಲ್ಲ. ಊಟ ಬಿಡುವುದು, ತಿಂದದ್ದನ್ನು ಕಕ್ಕುವುದು, ಮುಟ್ಟು ನಿಂತುಹೋಗುವುದು ಕಂಡರೆ ಮನೋವೈದ್ಯರ ಬಳಿಗೂ ಕಳಿಸುತ್ತೇನೆ. ತಡಮಾಡಬಾರದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯವರು: ಪ್ರಯತ್ನವಿಲ್ಲದೆ ಇಳಿದವರು. ಅವರಿಗೆ ಎಲ್ಲರೂ "ಚೆನ್ನಾಗಿ ಸಣ್ಣ ಆಗಿದ್ದೀಯ, ಏನು ಮಾಡ್ದೆ?" ಎಂದು ಕೇಳಿರುತ್ತಾರೆ. ಆ ಹೊಗಳಿಕೆಯಲ್ಲಿ ಆರು ತಿಂಗಳು ಕಳೆದಿರುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಾಗುವುದು, ಕ್ಷಯ, ಖಿನ್ನತೆ, ಕ್ಯಾನ್ಸರ್, ಯಾವುದೂ ಇರಬಹುದು. ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದು ಭಾಗ, ಅಂದರೆ 60 ಕಿಲೋದವರು 3 ಕಿಲೋ, ತಾನಾಗಿ ಇಳಿದಿದ್ದರೆ ಪರೀಕ್ಷೆ ಆಗಲೇಬೇಕು. ಆದರೆ ಹಳೆಯ ತೂಕ ಬರೆದಿಟ್ಟಿಲ್ಲದವರಿಗೆ ಇಳಿದದ್ದೆಷ್ಟು ಎಂದು ಹೇಗೆ ತಿಳಿಯಬೇಕು? ತಿಂಗಳಿಗೊಮ್ಮೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದೇ ಯಂತ್ರದಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯಿರಿ ಎನ್ನುತ್ತೇನೆ. ದಿನಾ ನೋಡುವುದು ಬೇಡ. ಮುಟ್ಟಿನ ಮುಂಚೆ, ಉಪ್ಪಿನಕಾಯಿ ಹಪ್ಪಳ ಹೆಚ್ಚಾದ ಮದುವೆ ಊಟದ ಮರುದಿನ, ಒಂದೆರಡು ಕಿಲೋ ನೀರಿನಿಂದಲೇ ಏರಿಳಿಯುತ್ತದೆ.

ಮೊದಲು ಹೇಳಿದ 64 ಕಿಲೋದವರು ಮೂರು ತಿಂಗಳಾದ ಮೇಲೆ ಮತ್ತೆ ಬಂದರು. ತೂಕ 62. ಪರ್ಸಿನಲ್ಲಿ ಮಡಿಸಿಟ್ಟ ದಾರವಿತ್ತು. ಮನೆಯ ಹೆಂಗಸರಿಗೆಲ್ಲ ಅದೇ ಲೆಕ್ಕದಲ್ಲಿ ದಾರ ಕತ್ತರಿಸಿ ಸುತ್ತಿ ನೋಡಿದ್ದರಂತೆ. "ನಮ್ಮತ್ತೆ ನೋಡಿ ಮೇಡಮ್, ಕಡ್ಡಿ ಹಾಗಿದ್ದಾರೆ, ಅವರಿಗೂ ದಾರ ಕೂಡ್ಲಿಲ್ಲ" ಎಂದು ಹೊರಗೆ ಬೆಂಚಿನ ಮೇಲೆ ಕೂತಿದ್ದವರನ್ನು ಒಳಗೆ ಕರೆದರು. ಅರವತ್ತೈದರ ಆಸುಪಾಸಿನ ಅಜ್ಜಿ, ಎತ್ತರ 146, ತೂಕ 47. "ನಾನ್ಯಾಕವ್ವಾ? ನಾನು ಸಣ್ಣಗೇ ಇದೀನಲ್ಲ" ಎಂದು ನಕ್ಕರು. ಸೊಂಟ 84 ಇತ್ತು. ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಿದೆ, ಸಕ್ಕರೆ 168 ಬಂತು. ಇನ್ನೊಂದು ದಿನ ನೋಡಿ ಖಚಿತ ಮಾಡಿಕೊಂಡು ಮಾತ್ರೆ ಶುರುಮಾಡಿದೆವು. ಸೊಸೆ ತಮ್ಮ ಕ್ಯಾಲೆಂಡರಿನಲ್ಲಿ ಅತ್ತೆಗೂ ಒಂದು ಸಾಲು ಹಾಕಿದ್ದಾರೆ.