ಬೀಡೋ, ಪೈಪೋ: ಟರ್ಬೊ ಮ್ಯಾನಿಫೋಲ್ಡ್‌ನ ನೂರು ವರ್ಷದ ಪ್ರಶ್ನೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಫೌಂಡ್ರಿಗಳಿಂದ ಬೀಡಿನ (ಕಾಸ್ಟ್ ಐರನ್) ಎರಕ ದೇಶದ ನಾನಾ ಕಡೆಯ ಗಾಡಿ ಕಾರ್ಖಾನೆಗಳಿಗೆ ಹೋಗುತ್ತದೆ. ಅದೇ ಊರಿನಲ್ಲಿ ಟರ್ಬೊ ಕಾರಿನ ಶಕ್ತಿ ಹೆಚ್ಚಿಸಿಕೊಳ್ಳಲು ಹೊರಟವರು ಮೊದಲು ಕೀಳಿಸಬೇಕು ಅನ್ನುವುದು ಬೀಡಿನ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೇ. ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಟರ್ಬೊಗೆ, ಅಂದರೆ ಹೊಗೆಯ ಬಲದಿಂದ ಎಂಜಿನ್ನಿಗೆ ಗಾಳಿ ಒತ್ತುವ ಯಂತ್ರಕ್ಕೆ, ಒಯ್ಯುವ ಭಾಗ ಅದು. ಅದರ ಜಾಗಕ್ಕೆ ಹೊಳೆಯುವ ಸ್ಟೇನ್‌ಲೆಸ್ ಪೈಪಿನದು ಬರುತ್ತದೆ. ತೆಳು ಪೈಪಿನಲ್ಲಿ ಅವಸರದಿಂದ ಮಾಡಿದ್ದಾದರೆ ನಾಲ್ಕೂ ಪೈಪು ಕೂಡುವ ಕಾಲೆಕ್ಟರ್ ಹತ್ತಿರ ಬಿರುಕು ಬಿಟ್ಟು ಮತ್ತೆ ವೆಲ್ಡಿಂಗ್ ಟೇಬಲ್ ಮೇಲೆ ಬಂದು ಕೂರುತ್ತದೆ.

ಬೀಡು ಹಳೇ ಕಾಲದ್ದು, ಅಗ್ಗಕ್ಕೆಂದು ಕಂಪನಿಯವರು ಹಾಕಿದ್ದು, ಪೈಪು ಅದರ ಮುಂದಿನ ಹೆಜ್ಜೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಟರ್ಬೊ ಇತಿಹಾಸ ಹಾಗೆ ನಡೆದಿಲ್ಲ. ಎರಡೂ ಮೊದಲಿನಿಂದಲೇ ಜೊತೆಗಿವೆ. ಪೈಪಿನ ಆಕಾರ ಹೊಗೆಯ ಹೊಡೆತವನ್ನು ಉಳಿಸಿಕೊಡುತ್ತದೆ, ದಪ್ಪ ಎರಕ ಬಿಸಿಯನ್ನು ತಡೆದುಕೊಳ್ಳುತ್ತದೆ. ಯಾವುದಕ್ಕೆ ಎಷ್ಟು ಬಿಟ್ಟುಕೊಡಬೇಕು ಎಂಬ ಲೆಕ್ಕವೇ ಇಡೀ ಚರಿತ್ರೆ.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಹೊಗೆಯ ಬಲದಿಂದ ಗಾಳಿ ಒತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅದು ಕೆಲಸಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1925ರ ಹೊತ್ತಿಗೆ ಡೀಸೆಲ್ ಎಂಜಿನ್ನಿನಿಂದ ಅವನು ಶೇ 40ರಷ್ಟು ಹೆಚ್ಚು ಶಕ್ತಿ ತೆಗೆದು ತೋರಿಸಿದ. ಗೆಲುವಿನ ಗುಟ್ಟಿನಲ್ಲಿ ಒಂದು ಪಾಲು ಪೈಪಿನ ಜೋಡಣೆಯಲ್ಲಿತ್ತು. ಎಲ್ಲ ಸಿಲಿಂಡರಿನ ಹೊಗೆಯನ್ನೂ ಒಂದೇ ದೊಡ್ಡ ಕೊಳವೆಗೆ ಬಿಡದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರದಂಥ ಸಿಲಿಂಡರುಗಳನ್ನು ಆರಿಸಿ ಬೇರೆ ಬೇರೆ ಕಿರಿದಾದ ಪೈಪುಗಳಲ್ಲಿ ಟರ್ಬೈನಿಗೆ ಒಯ್ದ. ಎಕ್ಸಾಸ್ಟ್ ವಾಲ್ವ್ ತೆರೆದ ಕ್ಷಣ ಸಿಲಿಂಡರಿನೊಳಗೆ ಇನ್ನೂ ಹಲವು ಬಾರ್ ಒತ್ತಡ ಇರುತ್ತದೆ. ಆ ಹೊಡೆತ ಅಗಲ ಕೊಳವೆಗೆ ಬಿದ್ದರೆ ಚದುರಿ ಸಾಯುತ್ತದೆ, ಕಿರಿದಾದ ಪೈಪಿನಲ್ಲಾದರೆ ಟರ್ಬೈನಿನ ಚಕ್ರಕ್ಕೆ ನೇರ ತಾಗುತ್ತದೆ. ಮುಂದೆ ಟರ್ಬೊಗಳೇ ಸುಧಾರಿಸಿದಾಗ ದೊಡ್ಡ ಹಡಗಿನ ಎಂಜಿನ್ನುಗಳು ಮತ್ತೆ ಒಂದೇ ಅಗಲ ಕೊಳವೆಗೆ ಮರಳಿದವು: ಅವು ದಿನಗಟ್ಟಲೆ ಒಂದೇ ವೇಗದಲ್ಲಿ ತಿರುಗುವಂಥವು, ತಟ್ಟನೆ ಎದ್ದೇಳುವ ಅಗತ್ಯ ಅವಕ್ಕಿಲ್ಲ. ಕಾರಿಗೆ ಆ ಅಗತ್ಯ ಇದೆ.

1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಶೆವ್ರೊಲೆ ಕಾರ್ವೇರ್ ಮೊಂಝಾ ಸ್ಪೈಡರ್ ಟರ್ಬೊ ಹೊತ್ತು ಬಂದವು. ಆಮೇಲೆ 1973ರ ಬಿಎಂಡಬ್ಲ್ಯು 2002 ಟರ್ಬೊ, 1978ರ ಸಾಬ್ 99 ಟರ್ಬೊ. ಫಾರ್ಮುಲಾ ಒನ್‌ಗೆ ರೆನೊ 1977ರಲ್ಲಿ ಟರ್ಬೊ ತಂದು 1979ರಲ್ಲಿ ಮೊದಲ ಗೆಲುವು ಕಂಡಿತು. ಬೆಸುಗೆ ಹಾಕಿದ ಸಮ ಉದ್ದದ ಪೈಪುಗಳ ಮೋಹ ಬೀದಿ ಕಾರಿಗೆ ಇಳಿದದ್ದು ಇಂಥ ರೇಸಿನ ಕಡೆಯಿಂದ. ಆದರೆ ರೇಸಿನ ಮ್ಯಾನಿಫೋಲ್ಡ್ ಕೆಲವು ಗಂಟೆ ಬಾಳಿದರೆ ಸಾಕು. 1996ರ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 4ರಂಥ ಕಾರುಗಳು ಬ್ಯೂಚಿಯ ಉಪಾಯವನ್ನೇ ಟ್ವಿನ್ ಸ್ಕ್ರೋಲ್ ಹೆಸರಿನಲ್ಲಿ ಜನರ ಕೈಗೆ ತಂದವು. ಉರಿಯುವ ಸರದಿ 1-3-4-2 ಇರುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4 ಒಂದು ದಾರಿ, 2 ಮತ್ತು 3 ಇನ್ನೊಂದು ದಾರಿ. ಮೂರು ಸಿಲಿಂಡರಿನ ಕಾರಿಗೆ ಇದು ಬೇಕಾಗುವುದಿಲ್ಲ. ಅಲ್ಲಿ ಹೊಡೆತಗಳ ನಡುವೆ 240 ಡಿಗ್ರಿ ಅಂತರ ತಾನಾಗಿ ಸಿಗುತ್ತದೆ.

ಇನ್ನು ನಮ್ಮ ರಸ್ತೆಗಳಿಗೆ ಬರೋಣ. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಅದರ 1.3 ಲೀಟರಿನ ಫಿಯಟ್ ಮಲ್ಟಿಜೆಟ್ ಎಂಜಿನ್ ಟಾಟಾ, ಫಿಯಟ್ ಗಾಡಿಗಳಿಗೂ ಹಂಚಿಹೋಗಿ ‘ರಾಷ್ಟ್ರೀಯ ಎಂಜಿನ್’ ಅನ್ನಿಸಿಕೊಂಡಿತು. ಬೀಡಿನ ಮ್ಯಾನಿಫೋಲ್ಡ್, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಪುಟ್ಟ ಟರ್ಬೊ ಎಂಬ ಪಾಠವನ್ನು ಹೆಚ್ಚಿನ ಗ್ಯಾರೇಜಿನವರು ಕಲಿತದ್ದು ಆ ಪೀಳಿಗೆಯ ಡೀಸೆಲ್‌ಗಳ ಮೇಲೆ. ಆಮೇಲೆ ಬಂದ ಟರ್ಬೊ ಪೆಟ್ರೋಲ್‌ಗಳಲ್ಲಿ ಲೆಕ್ಕ ಬದಲಾಗಿದೆ. 2013ರ ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್, 2020ರ ಪೋಲೊ 1.0 ಟಿಎಸ್‌ಐ, ಆಮೇಲಿನ ಟೈಗುನ್, ಕುಶಾಕ್‌ಗಳ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಎಂಬ ಬೇರೆ ಭಾಗವೇ ಇಲ್ಲ. ಅದು ಸಿಲಿಂಡರ್ ಹೆಡ್‌ನೊಳಗೆ ಎರಕವಾಗಿದೆ, ಸುತ್ತ ಕೂಲಂಟ್ ಹರಿಯುತ್ತದೆ, ಟರ್ಬೊ ನೇರ ಹೆಡ್‌ಗೆ ಕೂರುತ್ತದೆ. ಆದ್ದರಿಂದ ಹಣ ತೆಗೆದಿಡುವ ಮುಂಚೆ ಬಾನೆಟ್ ಎತ್ತಿ ಹೀಟ್ ಶೀಲ್ಡ್ ಬಿಚ್ಚಿ ನೋಡಬೇಕು. ಹೆಡ್‌ನಿಂದ ಒಂದೇ ರಂಧ್ರ ಹೊರಬಂದಿದ್ದರೆ ಆರಿಸಲು ಏನೂ ಉಳಿದಿಲ್ಲ. ಅಲ್ಲಿ ಖರ್ಚು ಮಾಡಬೇಕಾದದ್ದು ಟರ್ಬೊ, ಅದರ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಟ್ಯೂನಿಂಗ್ ಮೇಲೆ.

ಬೀಡಿನಲ್ಲೂ ಜಾತಿ ಹಲವು

ಬೀಡು ಅಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಇದು ಫೌಂಡ್ರಿ ಊರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ, ಆದರೆ ಕಾರು ತಂದವರಿಗೆ ತಿಳಿದಿರುವುದಿಲ್ಲ. ಸಾಮಾನ್ಯ ಗ್ರೇ ಐರನ್ 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಉಬ್ಬಿ ಬೆಳೆಯುತ್ತದೆ, ಸೊಟ್ಟಗಾಗುತ್ತದೆ, ಹೊಗೆ ಬರುವ ಪೋರ್ಟ್‌ಗಳ ನಡುವೆ ಸೀಳುತ್ತದೆ. ಗ್ರಾಫೈಟ್ ಗುಂಡುಗುಂಡಾಗಿರುವ ಎಸ್‌ಜಿ ಐರನ್ನಿಗೆ ಸಿಲಿಕಾನ್ ಶೇ 4ರ ಆಸುಪಾಸು, ಮಾಲಿಬ್ಡಿನಂ ಶೇ 0.5ರಿಂದ 1ರವರೆಗೆ ಸೇರಿಸಿದ ಸೈಮೊ ಎಂಬ ಬೀಡು 800 ಡಿಗ್ರಿಗೂ ತುಸು ಮೇಲಿನವರೆಗೆ ತಾಳುತ್ತದೆ. ಶೇ 35ರಷ್ಟು ನಿಕಲ್ ಇರುವ ಡಿ5ಎಸ್ ಎಂಬ ಬೀಡು 900ರ ಆಚೆಗೂ ನಿಲ್ಲುತ್ತದೆ. ಅದಕ್ಕೂ ಮೇಲೆ ಎರಕದ ಸ್ಟೇನ್‌ಲೆಸ್ ಸ್ಟೀಲ್. ಕಾರಿನ ಡೀಸೆಲ್ ಎಂಜಿನ್ನಿನ ಹೊಗೆ ಪೂರ್ತಿ ಭಾರದಲ್ಲಿ 700ರಿಂದ 800 ಡಿಗ್ರಿ, ಟರ್ಬೊ ಪೆಟ್ರೋಲಿನದು 900ರಿಂದ 1,000 ಡಿಗ್ರಿ ದಾಟುತ್ತದೆ. ಡೀಸೆಲ್ ಕಾರಿನಿಂದ ತೆಗೆದ ಮ್ಯಾನಿಫೋಲ್ಡನ್ನು ಫ್ಲೇಂಜ್ (ಬೋಲ್ಟ್ ಹಾಕಿ ಕೂಡಿಸುವ ಚಪ್ಪಟೆ ತಟ್ಟೆ) ಬದಲಿಸಿ ಪೆಟ್ರೋಲ್ ಎಂಜಿನ್ನಿಗೆ ಹಾಕುವ ಪ್ರಯೋಗ ಸೋಲುವುದು ಈ ಅಂತರದಿಂದಲೇ.

ಪೆಟ್ಟಿಗೆಯಿಂದ ಹೊರತೆಗೆದ ಎರಕದ ಮ್ಯಾನಿಫೋಲ್ಡಿನಲ್ಲೂ ಸುಧಾರಿಸಲು ಜಾಗ ಇರುತ್ತದೆ. ಒಳಗೆ ಕೋರ್‌ಗಳ ಸಂದಿಯಲ್ಲಿ ಎದ್ದ ಏಣನ್ನು ಗ್ರೈಂಡರಿನಿಂದ ತೆಗೆಯಿರಿ. ಗ್ಯಾಸ್ಕೆಟ್ ಇಟ್ಟು ಗುರುತು ಮಾಡಿ, ಹೆಡ್‌ನ ರಂಧ್ರಕ್ಕಿಂತ ಮ್ಯಾನಿಫೋಲ್ಡಿನ ಬಾಯಿ ಕಿರಿದಾಗದಂತೆ ಸರಿಪಡಿಸಿ. ಗೋಡೆ 3.5 ಮಿ.ಮೀ.ಗಿಂತ ತೆಳುವಾಗಲು ಬಿಡಬೇಡಿ. ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಅಲ್ಪಸ್ವಲ್ಪ ಏರಿಸಿ ದಿನಾ ಓಡಿಸುವ ಕಾರಿಗೆ ಇಷ್ಟೇ ಸಾಕು, ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಬಿರುಕು ಬಿಟ್ಟ ಬೀಡಿಗೆ ನಿಕಲ್ ರಾಡ್ ಹಾಕಿ, 250ರಿಂದ 300 ಡಿಗ್ರಿಗೆ ಮೊದಲೇ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನ ಆರಿಸಿ ಬೆಸೆಯಬಹುದು. ಪಂಪ್ ಬಾಡಿಗೆ ಅದು ಗಟ್ಟಿ ರಿಪೇರಿ. ದಿನಕ್ಕೆ ಹತ್ತು ಸಲ ಕಾದು ಆರುವ ಟರ್ಬೊ ಮ್ಯಾನಿಫೋಲ್ಡಿಗೆ ಅದನ್ನು ನಂಬಿಕೊಳ್ಳಬಾರದು, ಬದಲಿ ತರಿಸಬೇಕು.

ಪೈಪೇ ಬೇಕೆಂದರೆ

ಟರ್ಬೊ ಗಾತ್ರವೇ ಬದಲಾಗುತ್ತಿದ್ದರೆ, ಅದರ ಫ್ಲೇಂಜ್ ಟಿ25 ಅಳತೆಯದು ಹೋಗಿ ಟಿ3 ಅಳತೆಯದು ಬರುತ್ತಿದ್ದರೆ, ಅಥವಾ ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ವಾಲ್ವಾದ ಹೊರಗಿನ ವೇಸ್ಟ್‌ಗೇಟ್ ಕೂರಿಸಬೇಕಿದ್ದರೆ ಪೈಪಿನದು ಮಾಡಿಸುವುದಕ್ಕೆ ಅರ್ಥವಿದೆ. ಆಗ ದಪ್ಪವೇ ಮೊದಲ ಪ್ರಶ್ನೆ. ಡೈರಿ ಪೈಪ್ ಎಂದು ಸಿಗುವ ಒಂದೂವರೆ ಮಿ.ಮೀ. ಗೋಡೆಯ 304 ದರ್ಜೆಯ ಸ್ಟೇನ್‌ಲೆಸ್ ಟ್ಯೂಬ್ ಹಗುರ, ಬಗ್ಗಿಸಲು ಸುಲಭ, ನೋಡಲು ಚೆಂದ. ಟರ್ಬೊದ ಐದಾರು ಕಿಲೊ ಭಾರವನ್ನು ಕೆಂಪಗೆ ಕಾದ ಸ್ಥಿತಿಯಲ್ಲಿ ಅದು ಹೊರಲಾರದು. ಸಕ್ಕರೆ ಕಾರ್ಖಾನೆ, ಕೆಮಿಕಲ್ ಪ್ಲಾಂಟ್‌ಗಳ ಪೈಪ್‌ಲೈನಿಗೆ ಬಳಸುವ ಷೆಡ್ಯೂಲ್ 10 (ಗೋಡೆಯ ದಪ್ಪದ ಒಂದು ಅಳತೆ) ಬಟ್‌ವೆಲ್ಡ್ ಎಲ್ಬೊಗಳನ್ನು ತರಬೇಕು. ಒಂದೂಕಾಲು ಇಂಚಿನದಕ್ಕೆ ಹೊರವ್ಯಾಸ 42.2 ಮಿ.ಮೀ., ಗೋಡೆ 2.77, ಒಳವ್ಯಾಸ 36.6. ಒಂದೂವರೆ ಇಂಚಿನದಕ್ಕೆ ಹೊರವ್ಯಾಸ 48.3, ಒಳವ್ಯಾಸ 42.7. 1.2ರಿಂದ 1.6 ಲೀಟರಿನ ಎಂಜಿನ್ನಿಗೆ ಒಂದೂಕಾಲು ಇಂಚೇ ಸರಿ. ಅಗಲ ಹೆಚ್ಚಿಸಿದರೆ ಹೊಗೆಯ ವೇಗ ಕುಸಿದು ಟರ್ಬೊ ಏಳುವುದು ತಡವಾಗುತ್ತದೆ.

ಪೆಟ್ರೋಲ್ ಕಾರಿಗೆ 304ಕ್ಕಿಂತ 321 ಒಳ್ಳೆಯದು. 304 ಉಕ್ಕು 425ರಿಂದ 860 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದರೆ ಅದರ ಕಣಗಳ ಅಂಚಿನಲ್ಲಿ ಕ್ರೋಮಿಯಂ ಕಾರ್ಬೈಡ್ ಕೂಡಿಕೊಂಡು ಅಲ್ಲಿಂದ ಬಿರುಕು ಹುಟ್ಟುತ್ತದೆ. 321ರಲ್ಲಿರುವ ಟೈಟಾನಿಯಂ ಅದನ್ನು ತಡೆಯುತ್ತದೆ. ಕಡಿಮೆ ಖರ್ಚಿನ ಡೀಸೆಲ್ ಕೆಲಸಕ್ಕೆ ಕಾರ್ಬನ್ ಸ್ಟೀಲಿನ ಷೆಡ್ಯೂಲ್ 40 ಎಲ್ಬೊ ಕೂಡ ನಡೆಯುತ್ತದೆ: ಗೋಡೆ 3.56 ಮಿ.ಮೀ., ಹಿಗ್ಗುವುದೂ ಸ್ಟೇನ್‌ಲೆಸ್‌ಗಿಂತ ಕಡಿಮೆ. ಒಳಗೆ ತುಕ್ಕಿನ ಪೊರೆ ಎದ್ದು ಟರ್ಬೈನಿಗೆ ಹೋಗಬಹುದೆಂಬ ಭಯ ಮಾತ್ರ ಇದ್ದೇ ಇರುತ್ತದೆ.

ಹಿಗ್ಗುವಿಕೆಯನ್ನು ಅಂಕಿಯಲ್ಲಿ ನೋಡಿದರೆ ಮ್ಯಾನಿಫೋಲ್ಡನ್ನು ಹೆಡ್‌ಗೆ ಹಿಡಿದಿಡುವ ಸ್ಟಡ್ ಯಾಕೆ ಮುರಿಯುತ್ತದೆ ಎಂಬುದು ಹೊಳೆಯುತ್ತದೆ. 400 ಮಿ.ಮೀ. ಉದ್ದದ ಸ್ಟೇನ್‌ಲೆಸ್ 600 ಡಿಗ್ರಿ ಬಿಸಿ ಏರಿದರೆ ಸುಮಾರು 4.3 ಮಿ.ಮೀ. ಉದ್ದವಾಗುತ್ತದೆ. ಬೀಡಾದರೆ 3 ಮಿ.ಮೀ.ಗೂ ಕಡಿಮೆ. ಹೆಡ್ ನೀರಿನಿಂದ ತಣ್ಣಗಿದ್ದು ಅಷ್ಟು ಸರಿಯುವುದಿಲ್ಲ. ಎಳೆತವೆಲ್ಲ ಎರಡೂ ತುದಿಯ ಸ್ಟಡ್‌ಗಳ ಮೇಲೆ ಬೀಳುತ್ತದೆ. ಅದಕ್ಕೆ ನಡುವಿನ ರಂಧ್ರವನ್ನು ಬಿಗಿಯಾಗಿಟ್ಟು, ತುದಿಯವನ್ನು 1ರಿಂದ 1.5 ಮಿ.ಮೀ. ದೊಡ್ಡದು ಕೊರೆಯಬೇಕು. ಪೈಪುಗಳ ನಡುವೆ ಫ್ಲೇಂಜನ್ನು ಗರಗಸದಿಂದ ಬೇರ್ಪಡಿಸಿದರೆ ಇನ್ನೂ ಒಳ್ಳೆಯದು.

ಮಾಡುವ ಕ್ರಮ ಹೀಗೆ. 10ರಿಂದ 12 ಮಿ.ಮೀ. ದಪ್ಪದ ಫ್ಲೇಂಜನ್ನು ಗುಜರಿಯಿಂದ ತಂದ ಹೆಡ್‌ಗೋ 25 ಮಿ.ಮೀ. ಪ್ಲೇಟಿಗೋ ಬೋಲ್ಟ್ ಹಾಕಿ ಬಿಗಿಯಬೇಕು. ಟರ್ಬೊವನ್ನು ಕಾರಿನಲ್ಲೇ ಜಾಗ ನೋಡಿ ನಿಲ್ಲಿಸಬೇಕು: ಆಯಿಲ್ ಇಳಿಯುವ ಪೈಪು ಟರ್ಬೊದಿಂದ ಆಯಿಲ್ ಸಂಪ್‌ಗೆ ಇಳಿಜಾರಾಗಿ ಬರಬೇಕು, ರೇಡಿಯೇಟರ್ ಫ್ಯಾನಿಗೆ ಬೆರಳು ಹೋಗುವಷ್ಟು ಸಂದು ಬೇಕು, ಸ್ಟಡ್‌ಗಳಿಗೆ ಪಾನಾ ಹೋಗಬೇಕು. ಈ ಕೊನೆಯದನ್ನು ಮರೆತು ಮಾಡಿದ ಮ್ಯಾನಿಫೋಲ್ಡಿನಲ್ಲಿ ಒಂದು ನಟ್ ಬಿಗಿ ಮಾಡಲು ಟರ್ಬೊ ಪೂರ್ತಿ ಇಳಿಸಬೇಕಾಗುತ್ತದೆ. ಎಲ್ಬೊಗಳನ್ನು ಕತ್ತರಿಸಿ ಟ್ಯಾಕ್ ಹಾಕಿ, ಕೂಡಿಸಿ ನೋಡಿ, ಆಮೇಲೆ ಟಿಗ್ ವೆಲ್ಡಿಂಗ್. 304ಕ್ಕೆ 308ಎಲ್ ರಾಡ್, 321ಕ್ಕೆ 347, ಸ್ಟೇನ್‌ಲೆಸ್ ಪೈಪನ್ನು ಸಾದಾ ಉಕ್ಕಿನ ಫ್ಲೇಂಜಿಗೆ ಕೂಡಿಸುವಲ್ಲಿ 309ಎಲ್. ಪೈಪಿನ ಒಳಗೂ ಆರ್ಗಾನ್ ಹರಿಯುತ್ತಿರಬೇಕು. ಅದನ್ನು ಬಿಟ್ಟರೆ ಬೆಸುಗೆಯ ಒಳಮೈ ಸುಟ್ಟು ಕಪ್ಪು ಹರಳು ಕಟ್ಟುತ್ತದೆ. ಹೊರಗಿನಿಂದ ಬೆಳ್ಳಗೆ ಕಾಣುವ ಬೆಸುಗೆ ಒಳಗಿನಿಂದ ಸೀಳುವುದು ಹೀಗೆ. ಪೂರ್ತಿ ಆರುವವರೆಗೆ ಪ್ಲೇಟಿನಿಂದ ಬಿಚ್ಚಬಾರದು. ಬಿಚ್ಚಿದ ಮೇಲೆ ಫ್ಲೇಂಜನ್ನು ಸರ್ಫೇಸ್ ಗ್ರೈಂಡಿಂಗ್‌ಗೆ ಕಳಿಸಿ, ಸ್ಟ್ರೇಟ್ ಎಡ್ಜ್ ಇಟ್ಟಾಗ 0.1 ಮಿ.ಮೀ. ಫೀಲರ್ ಗೇಜ್ ಎಲ್ಲೂ ತೂರದಂತೆ ಮಾಡಿಸಬೇಕು. ಇಂಥ ಕೆಲಸಕ್ಕೆ ಉದ್ಯಮಬಾಗದಂಥ ಜಾಗ ಹತ್ತಿರವಿರುವುದು ದೊಡ್ಡ ಅನುಕೂಲ.

ವೇಸ್ಟ್‌ಗೇಟ್ ಪೈಪು ಎಲ್ಲಿಂದ ಹೊರಡುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ನಾಲ್ಕೂ ಪೈಪು ಕೂಡಿದ ಮೇಲೆ, ಹೊಗೆ ಹರಿಯುವ ದಿಕ್ಕಿಗೆ ಓರೆಯಾಗಿ ಅದು ಕವಲೊಡೆಯಬೇಕು. ಒಂದೇ ಸಿಲಿಂಡರಿನ ಪೈಪಿಗೆ ಲಂಬವಾಗಿ ಅಂಟಿಸಿದರೆ ಹೊಗೆ ಆ ಕಡೆ ತಿರುಗುವುದಿಲ್ಲ. ಗೇಟು ಪೂರ್ತಿ ತೆರೆದಿದ್ದರೂ ವೇಗ ಏರಿದಂತೆ ಬೂಸ್ಟ್ ಏರುತ್ತಲೇ ಹೋಗಿ ಪಿಸ್ಟನ್ನಿಗೆ ಅಪಾಯ ತರುತ್ತದೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಶೇ 8ರಷ್ಟು ಕಡಿಮೆ. ಅಷ್ಟೇ ಬೂಸ್ಟ್ ಕೊಡಲು ಇಲ್ಲಿ ಟರ್ಬೊ ಹೆಚ್ಚು ತಿರುಗಬೇಕು, ಮ್ಯಾನಿಫೋಲ್ಡಿನೊಳಗೆ ಒತ್ತಡವೂ ಹೆಚ್ಚುತ್ತದೆ. ಚೋರ್ಲಾ ಘಾಟಿನ ಮಳೆಗಾಲ ಇನ್ನೊಂದು ಪರೀಕ್ಷೆ: ಏರು ಹತ್ತಿ ಕೆಂಪಗಾದ ಲೋಹಕ್ಕೆ ರಸ್ತೆಯ ನೀರು ಚಿಮ್ಮುತ್ತದೆ. ಕೆಳಗಿನ ಪ್ಲಾಸ್ಟಿಕ್ ಕವರ್, ಹೀಟ್ ಶೀಲ್ಡ್ ಎರಡನ್ನೂ ತೂಕ ಕಡಿಮೆಯಾಗಲಿ ಎಂದು ಬಿಚ್ಚಿಡುವವರು ಮ್ಯಾನಿಫೋಲ್ಡಿನ ಆಯಸ್ಸನ್ನು ತಾವೇ ಕಡಿಮೆ ಮಾಡುತ್ತಾರೆ. ಪಟ್ಟಿಯಂತೆ ಸುತ್ತುವ ಹೀಟ್ ರ‍್ಯಾಪ್ 304 ಪೈಪಿಗೆ ಬೇಡ. ಅದು ಬಿಸಿಯನ್ನು ಲೋಹದಲ್ಲೇ ಹಿಡಿದಿಟ್ಟು ಬಿರುಕನ್ನು ಬೇಗ ತರುತ್ತದೆ. ಸೆರಾಮಿಕ್ ಲೇಪ, ಸಂದು ಬಿಟ್ಟು ಕೂರಿಸಿದ ಶೀಲ್ಡ್ ವಾಸಿ.

ಕಾನೂನನ್ನೂ ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಹೊಗೆ ಮಿತಿಯ ಕಾರುಗಳಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಟರ್ಬೊಗೆ ಅಂಟಿಕೊಂಡೇ ಇರುತ್ತದೆ. ಹೊಸ ಮ್ಯಾನಿಫೋಲ್ಡ್ ಅದನ್ನು ತೆಗೆಸುವಂತಿದ್ದರೆ ಆ ಕಾರು ರಸ್ತೆಗಲ್ಲ.

ಕೂರಿಸುವಾಗ ಹಳೇ ಸ್ಟಡ್, ನಟ್ ಮತ್ತೆ ಬಳಸಬೇಡಿ. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್, ತಾಮ್ರ ಲೇಪದ ಲಾಕ್ ನಟ್ ಹಾಕಿ, ನಡುವಿನಿಂದ ತುದಿಯ ಕಡೆಗೆ ಬಿಗಿಯಿರಿ. 8 ಮಿ.ಮೀ. ಸ್ಟಡ್‌ಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು. ಆ ಎಂಜಿನ್ನಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಟರ್ಬೊಗೆ ಆಸರೆಯ ಬ್ರಾಕೆಟ್ ಬೇಕು, ಆದರೆ ಹಿಗ್ಗಲು ಬಿಡುವಂತೆ ಉದ್ದರಂಧ್ರ ಇರಲಿ. ಒಮ್ಮೆ ಪೂರ್ತಿ ಕಾಯಿಸಿ, ರಾತ್ರಿಯಿಡೀ ಆರಿಸಿ, ಮತ್ತೆ ಬಿಗಿ ನೋಡಿ. ಮುಂಜಾನೆ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದಂತೆ ನಿಂತರೆ ಗ್ಯಾಸ್ಕೆಟ್ ಸೋರುತ್ತಿದೆ ಎಂದರ್ಥ, ಆ ಪೋರ್ಟಿನ ಬುಡದಲ್ಲಿ ಮಸಿಯ ಗೆರೆ ಕಾಣುತ್ತದೆ. ಪೈಪಿನದು ನಿಜಕ್ಕೂ ಲಾಭ ಕೊಟ್ಟಿತೇ ಎಂದು ತಿಳಿಯಲು ಟರ್ಬೈನಿನ ಮುಂದೆ ಒಂದು ಸಣ್ಣ ತೂತಿಗೆ ಮೀಟರ್ ಉದ್ದದ ತಾಮ್ರದ ನಳಿಗೆ ಕೂಡಿಸಿ, ತಣ್ಣಗಾದ ತುದಿಗೆ ಪ್ರೆಶರ್ ಗೇಜ್ ಹಾಕಿ, ಬೂಸ್ಟ್ ಗೇಜಿನೊಂದಿಗೆ ಹೋಲಿಸಿ. ಬೂಸ್ಟ್ ಒಂದು ಬಾರ್ ಇದ್ದಾಗ ಇಲ್ಲಿ ಎರಡು ಬಾರ್ ದಾಟುತ್ತಿದ್ದರೆ ಹೆಚ್ಚಾಗಿ ಹೊಗೆಗೆ ಅಡ್ಡಿಯಾಗಿರುವುದು ಟರ್ಬೈನೇ ಹೊರತು ಮ್ಯಾನಿಫೋಲ್ಡ್ ಅಲ್ಲ.