ಮನೆಮಾತಿಗೆ ಯುರೋಪಿನ ಶಾಲೆಯಲ್ಲಿ ಎಷ್ಟು ಜಾಗ?

ಬೆಂಗಳೂರಿನಲ್ಲಿ ಜರ್ಮನ್ ಕಲಿಯುವವರನ್ನು ಮಾತಾಡಿಸಿ ನೋಡಿ. ನರ್ಸಿಂಗ್ ಮುಗಿಸಿದವರು, ಮಾಸ್ಟರ್ಸ್‌ಗೆ ಹೊರಟವರು, ಗಂಡ ಅಲ್ಲಿದ್ದಾರೆ ಅಂತ ವೀಸಾಗೆ ಕಾಯುತ್ತಿರುವವರು, ಎಲ್ಲರ ಬಾಯಲ್ಲೂ ಎ1, ಬಿ1, ಬಿ2 ಅನ್ನೋ ಭಾಷಾ ಮಟ್ಟಗಳು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂದ ಹಾಗೆ. ಇದು ಜರ್ಮನಿಯವರು ಮಾಡಿದ ಲೆಕ್ಕ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಇದನ್ನು ಮಾಡಿದ್ದು ಕೌನ್ಸಿಲ್ ಆಫ್ ಯುರೋಪ್. ಯುರೋಪಿಯನ್ ಯೂನಿಯನ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಇದು ಬೇರೆ ಸಂಸ್ಥೆ, ಸ್ಟ್ರಾಸ್‌ಬರ್ಗ್‌ನಲ್ಲಿದೆ, 46 ದೇಶಗಳು ಇದರಲ್ಲಿವೆ. ಹೊಸಬರಿಗೆ ನಮ್ಮ ಭಾಷೆ ಎಷ್ಟು ಬರುತ್ತೆ ಅಂತ ಅಳೆಯಲು ಯುರೋಪ್ ಒಳ್ಳೆಯ ಅಳತೆಪಟ್ಟಿ ಮಾಡಿಕೊಂಡಿದೆ. ಆ ಹೊಸಬರ ಮಗು ಮನೆಯಲ್ಲಿ ಆಡುವ ಮಾತನ್ನು ಶಾಲೆ ಏನು ಮಾಡುತ್ತದೆ? ಅದರ ಕಥೆ ಸ್ವಲ್ಪ ಹಳೆಯದು.

19ನೇ ಶತಮಾನದ ವೇಲ್ಸ್‌ನಲ್ಲಿ ಹಲವು ಶಾಲೆಗಳಲ್ಲಿ ಒಂದು ಮರದ ತುಂಡು ಇರುತ್ತಿತ್ತು. ಅದನ್ನು 'ವೆಲ್ಷ್ ನಾಟ್' ಅನ್ನುತ್ತಿದ್ದರು. ಇಂಗ್ಲಿಷ್ ಬಿಟ್ಟು ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದು. ಆ ಮಗು ಇನ್ನೊಬ್ಬ ವೆಲ್ಷ್ ಮಾತಾಡಿದ್ದನ್ನು ಹಿಡಿದುಕೊಟ್ಟರೆ ತುಂಡು ಅವನ ಕೊರಳಿಗೆ. ಕೊನೆಗೆ ಯಾರ ಬಳಿ ಉಳಿಯುತ್ತದೋ ಅವರಿಗೆ ಏಟು. ಫ್ರಾನ್ಸ್‌ನ ಬ್ರಿಟನಿಯಲ್ಲೂ ಹೆಚ್ಚುಕಮ್ಮಿ ಇದೇ ಆಟ, ಅಲ್ಲಿ ಅದರ ಹೆಸರು 'ಸಾಂಬೋಲ್'. ಮೇಷ್ಟ್ರು ಹೊಡೆಯುವುದಕ್ಕಿಂತ ಮಕ್ಕಳ ಕೈಯಲ್ಲೇ ಮಕ್ಕಳ ಚಾಡಿ ಹೇಳಿಸುವುದು ಇದರಲ್ಲಿ ನನಗೆ ಕೆಟ್ಟದ್ದು ಅನ್ನಿಸುವ ಭಾಗ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಗಾಳಿ ಬದಲಾಯಿತು, ಆದರೆ ನಿಧಾನವಾಗಿ. 1954ರ ಯುರೋಪಿನ ಸಾಂಸ್ಕೃತಿಕ ಒಪ್ಪಂದದಲ್ಲಿ ದೇಶಗಳು ಒಬ್ಬರ ಭಾಷೆ ಇನ್ನೊಬ್ಬರು ಕಲಿಯೋಣ ಅಂದವು. ನೆರೆಯವನ ಭಾಷೆ ಬಂದರೆ ಅವನ ಮೇಲೆ ಯುದ್ಧಕ್ಕೆ ಹೋಗುವುದು ಕಡಿಮೆಯಾದೀತು ಅನ್ನೋ ಆಸೆ. 1958ರಲ್ಲಿ ಯುರೋಪಿಯನ್ ಯೂನಿಯನ್‌ನ ಹಿಂದಿನ ರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯ ತನ್ನ ಮೊಟ್ಟಮೊದಲ ನಿಯಮವನ್ನೇ ಭಾಷೆಯ ಬಗ್ಗೆ ಮಾಡಿತು. ಅಧಿಕೃತ ಭಾಷೆಗಳು ಆಗ 4, ಈಗ 24. ಇದೆಲ್ಲ ಸರ್ಕಾರಗಳ ಭಾಷೆಗಳ ಮಾತು. ಅಡುಗೆಮನೆಯ ಭಾಷೆ ಇನ್ನೂ ಶಾಲೆಯ ಹೊರಗೇ ನಿಂತಿತ್ತು.

ಅದು ಒಳಗೆ ಬಂದದ್ದು 1977ರ ಆಸುಪಾಸಿನಲ್ಲಿ. ಆ ವರ್ಷ ಬ್ರಿಟನಿಯಲ್ಲಿ ಪೋಷಕರು ಸೇರಿ ದಿವಾನ್ ಅನ್ನೋ ಹೆಸರಿನಲ್ಲಿ, ಅಲ್ಲಿನ ಮನೆಮಾತಾದ ಬ್ರೆಟನ್ ಮಾಧ್ಯಮದ ಮೊದಲ ಶಾಲೆ ಶುರುಮಾಡಿದರು. ಸ್ವೀಡನ್ ವಲಸೆ ಮಕ್ಕಳಿಗೆ ಶಾಲೆಯಲ್ಲೇ ಮನೆಭಾಷೆ ಕಲಿಸುವ ಸುಧಾರಣೆ ತಂದಿತು. ಅದೇ ವರ್ಷ ಜುಲೈನಲ್ಲಿ ಯುರೋಪಿಯನ್ ಸಮುದಾಯ, ಒಂದು ಸದಸ್ಯ ದೇಶದಿಂದ ಇನ್ನೊಂದಕ್ಕೆ ದುಡಿಯಲು ಹೋದವರ ಮಕ್ಕಳಿಗೆ ತಾಯ್ನುಡಿ ಕಲಿಸಬೇಕು ಅಂತ ನಿರ್ದೇಶನ ಹೊರಡಿಸಿತು. ಕೇಳಲು ಎಷ್ಟು ಚೆಂದ, ಅಲ್ವಾ? ಕಾರಣ ಓದಿ. ಮುಖ್ಯವಾಗಿ ಆ ಮಕ್ಕಳು ಮುಂದೆ ತಮ್ಮ ದೇಶಕ್ಕೆ ವಾಪಸ್ ಹೋದರೆ ಅಲ್ಲಿ ಹೊಂದಿಕೊಳ್ಳಲು ಸುಲಭವಾಗಲಿ ಅಂತ. ಜರ್ಮನಿ ತನ್ನ ಕಾರ್ಖಾನೆಗಳಿಗೆ ಇಟಲಿ, ಟರ್ಕಿಗಳಿಂದ ಕರೆಸಿಕೊಂಡವರನ್ನು ಅತಿಥಿ ಕಾರ್ಮಿಕರು ಅಂತಲೇ ಕರೆಯುತ್ತಿದ್ದ ಕಾಲ ಅದು. ಅತಿಥಿ ಅಂದಮೇಲೆ ಒಂದು ದಿನ ಎದ್ದು ಹೋಗಬೇಕು. ತಾಯ್ನುಡಿಯ ಪಾಠ ಅವರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಅತಿಥಿಗಳು ಹೋಗಲಿಲ್ಲ, ಮಕ್ಕಳು ಅಲ್ಲೇ ಬೆಳೆದರು, ಮೊಮ್ಮಕ್ಕಳೂ ಆದರು.

1992ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಪ್ರಾದೇಶಿಕ ಮತ್ತು ಅಲ್ಪಸಂಖ್ಯಾತ ಭಾಷೆಗಳ ಸನ್ನದು ತಂದಿತು. ವೆಲ್ಷ್, ಫ್ರಿಸಿಯನ್, ಸೋರ್ಬಿಯನ್ ಥರದ ಭಾಷೆಗಳಿಗೆ ಇದು ದೊಡ್ಡ ಬಲ. ಇವತ್ತು ವೇಲ್ಸ್‌ನಲ್ಲಿ 16 ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯಬೇಕು, ಮರದ ತುಂಡು ಮ್ಯೂಸಿಯಂ ಸೇರಿದೆ. ಆದರೆ ಆ ಸನ್ನದಿನ ಮೊದಲ ವಿಧಿಯಲ್ಲೇ ಒಂದು ಸಾಲಿದೆ: ವಲಸಿಗರ ಭಾಷೆಗಳು ಇದರಲ್ಲಿ ಸೇರುವುದಿಲ್ಲ. ಬರ್ಲಿನ್‌ನಲ್ಲಿ ಟರ್ಕಿಷ್ ಮಾತಾಡುವವರು ಎಷ್ಟೇ ಇರಲಿ, ಲೆಕ್ಕಕ್ಕಿಲ್ಲ. ನೂರಾರು ವರ್ಷ ಅದೇ ನೆಲದಲ್ಲಿದ್ದರೆ ಮಾತ್ರ ಭಾಷೆ, ಆಮೇಲೆ ಬಂದದ್ದು ಸುಮ್ನೆ ಮನೆ ವಿಷಯ. ಫ್ರಾನ್ಸ್ ಅಂತೂ 1999ರಲ್ಲಿ ಸಹಿ ಹಾಕಿ ಇವತ್ತಿಗೂ ಅಂಗೀಕರಿಸಿಲ್ಲ. 2021ರಲ್ಲಿ ಅಲ್ಲಿನ ಸಂಸತ್ತು ಪ್ರಾದೇಶಿಕ ಭಾಷೆಗಳಿಗೆ ಕಾನೂನು ಮಾಡಿದಾಗ, ದಿವಾನ್ ಥರ ಇಡೀ ದಿನ ಆ ಭಾಷೆಯಲ್ಲೇ ನಡೆಯುವ ಪಾಠ ಸಂವಿಧಾನಕ್ಕೆ ವಿರುದ್ಧ ಅಂತ ಸಂವಿಧಾನ ಮಂಡಳಿ ಆ ಭಾಗವನ್ನು ತೆಗೆದುಹಾಕಿತು.

ಈಗ ಎ1, ಬಿ1 ಕಥೆಗೆ ಬರೋಣ. 1975ರಲ್ಲೇ ಕೌನ್ಸಿಲ್ 'ಥ್ರೆಶೋಲ್ಡ್ ಲೆವೆಲ್' ಅಂತ ಒಂದು ಪಟ್ಟಿ ಮಾಡಿತ್ತು. ವ್ಯಾಕರಣ ಎಷ್ಟು ಗೊತ್ತು ಅಂತ ಕೇಳದೆ, ಈ ಭಾಷೆಯಲ್ಲಿ ಟಿಕೆಟ್ ಕೊಳ್ಳಬಲ್ಲೆಯಾ, ದೂರು ಹೇಳಬಲ್ಲೆಯಾ, ಕ್ಷಮೆ ಕೇಳಬಲ್ಲೆಯಾ ಅಂತ ಕೇಳುವ ಪಟ್ಟಿ. 1991ರಲ್ಲಿ ಸ್ವಿಟ್ಜರ್ಲೆಂಡ್‌ನ ರುಶ್ಲಿಕಾನ್‌ನಲ್ಲಿ ಸಭೆ ಸೇರಿದವರು, ಒಂದು ಕಡೆಯ ಸರ್ಟಿಫಿಕೇಟ್ ಇನ್ನೊಂದು ಕಡೆ ಅರ್ಥವಾಗುವಂಥ ಅಳತೆ ಬೇಕು ಅಂದರು. ಅದರ ಫಲ 2001ರಲ್ಲಿ ಬಂದ ಚೌಕಟ್ಟು, ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ಆ ಪುಸ್ತಕದಲ್ಲಿ ಮೆಟ್ಟಿಲಿಗಿಂತ ದೊಡ್ಡ ವಿಚಾರ ಒಂದಿತ್ತು. ಊರಲ್ಲಿ ಹಲವು ಭಾಷೆ ಇರೋದು ಬೇರೆ, ಒಬ್ಬರ ತಲೆಯೊಳಗೆ ಹಲವು ಭಾಷೆ ಕೂಡಿಕೊಂಡು ಕೆಲಸ ಮಾಡೋದು ಬೇರೆ. ಶಾಲೆ ಬೆಳೆಸಬೇಕಾದದ್ದು ಎರಡನೆಯದನ್ನು. ಅರ್ಧಂಬರ್ಧ ಬರುವ ಭಾಷೆಯೂ ಆಸ್ತಿಯೇ, ಎಲ್ಲದರಲ್ಲೂ ಹುಟ್ಟುಭಾಷಿಕರ ಮಟ್ಟ ಮುಟ್ಟಬೇಕಿಲ್ಲ. ಮನೆಯಲ್ಲಿ ತುಳು, ಪಕ್ಕದ ಮನೆಯವರ ಜೊತೆ ಕೊಂಕಣಿ, ಆಫೀಸಿನಲ್ಲಿ ಕನ್ನಡ, ಮಾರ್ಕೆಟ್‌ನಲ್ಲಿ ಬ್ಯಾರಿ ಮಾತಾಡುವ ಮಂಗಳೂರಿನವರಿಗೆ ಇದನ್ನು ಪುಸ್ತಕ ಮಾಡಿ ಹೇಳಬೇಕಾ ಅನ್ನಿಸಬಹುದು. ಯುರೋಪಿಗೆ ಹೇಳಬೇಕಿತ್ತು.

ಪುಸ್ತಕದಲ್ಲಿ ಜನ ಹಿಡಿದುಕೊಂಡದ್ದು ಮೆಟ್ಟಿಲನ್ನು ಮಾತ್ರ. 2007ರಲ್ಲಿ ಜರ್ಮನಿ, ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಬರುವವರು ಹೊರಡುವ ಮೊದಲೇ ಎ1 ತೋರಿಸಬೇಕು ಅಂದಿತು. ಬ್ಲೂ ಕಾರ್ಡ್, ಅಂದರೆ ಒಳ್ಳೆಯ ಸಂಬಳದ ವಿದೇಶಿ ತಜ್ಞರಿಗೆ ಕೊಡುವ ಪರವಾನಗಿ, ಇರುವವರ ಸಂಗಾತಿಗೆ ವಿನಾಯಿತಿ ಇದೆ, ಅಂದರೆ ಸಂಬಳ ಜಾಸ್ತಿ ಇದ್ದರೆ ಭಾಷೆ ಆಮೇಲೆ ನೋಡಿಕೊಳ್ಳೋಣ ಅಂತ. ಎಲ್ಲ ಭಾಷೆಗೂ ಜಾಗ ಮಾಡಲು ಕಟ್ಟಿದ ಮೆಟ್ಟಿಲು ಬಾಗಿಲ ಚಿಲಕವಾಯಿತು.

2002 ಇನ್ನೂ ವಿಚಿತ್ರ ವರ್ಷ. ಮಾರ್ಚ್‌ನಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಯೂನಿಯನ್ ನಾಯಕರು ಪ್ರತಿ ಮಗುವಿಗೂ ಚಿಕ್ಕಂದಿನಿಂದಲೇ ಕನಿಷ್ಠ ಎರಡು ವಿದೇಶಿ ಭಾಷೆ ಕಲಿಸೋಣ ಅಂದರು. 'ತಾಯ್ನುಡಿ ಮತ್ತೆ ಎರಡು' ಅಂತಲೇ ಅದು ಹೆಸರಾಯಿತು. ನಮ್ಮಲ್ಲಿ 1968ರಿಂದ ಜಗಳವಾಡುತ್ತಿರುವ ತ್ರಿಭಾಷಾ ಸೂತ್ರ ನೆನಪಾಗುತ್ತದೆ. ಅದೇ ವರ್ಷ ಡೆನ್ಮಾರ್ಕ್, ಯುರೋಪಿಯನ್ ಯೂನಿಯನ್ ಮತ್ತು ಅದರ ಜೊತೆಗಿನ ಆರ್ಥಿಕ ವಲಯದ ಹೊರಗಿನಿಂದ ಬಂದ ಮಕ್ಕಳಿಗೆ ತಾಯ್ನುಡಿ ಕಲಿಸುವ ಹೊಣೆಯಿಂದ ನಗರಾಡಳಿತಗಳನ್ನು ಬಿಡಿಸಿತು. ಸ್ಪ್ಯಾನಿಷ್ ಮನೆಯ ಮಗುವಿಗೆ ಪಾಠ ಉಂಟು, ಅರಬ್ಬಿ ಮನೆಯ ಮಗುವಿಗೆ ಇಲ್ಲ. 2004ರಲ್ಲಿ ನೆದರ್‌ಲ್ಯಾಂಡ್ಸ್ ಕೂಡ ವಲಸೆ ಭಾಷೆಗಳ ಪಾಠಕ್ಕೆ ಹಣ ನಿಲ್ಲಿಸಿತು. ಇಂಗ್ಲಿಷ್, ಫ್ರೆಂಚ್ ಜೊತೆಗಿದ್ದರೆ ಬಹುಭಾಷೆ ಅನ್ನೋದು ಪ್ರತಿಭೆ. ಸೊಮಾಲಿ ಜೊತೆಗಿದ್ದರೆ ಅದೇ ಸಮಸ್ಯೆ.

ಇದನ್ನು ಬದಲಿಸಲು ಕೆಲಸ ಮಾಡುತ್ತಿರುವವರೂ ಇದ್ದಾರೆ. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ 1994ರಲ್ಲಿ ಎಂಟು ದೇಶಗಳು ಸೇರಿ ಆಧುನಿಕ ಭಾಷೆಗಳ ಯುರೋಪಿಯನ್ ಕೇಂದ್ರವನ್ನು ಸ್ಥಾಪಿಸಿದವು. ಅಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವವರಿಗೆ ತರಬೇತಿ. ಸನ್ನೆ ಭಾಷೆಗಳನ್ನೂ ಅದೇ ಆರು ಮೆಟ್ಟಿಲಿನಲ್ಲಿ ಕಲಿಸಲು ದಾರಿ ಮಾಡಿದವರು ಅವರು. ಆಸ್ಟ್ರಿಯಾ, ಜರ್ಮನಿಯ ಶಾಲೆಗಳಲ್ಲಿ 90ರ ದಶಕದಿಂದ ಬಂದ ಒಂದು ಚಟುವಟಿಕೆ ನನಗೆ ತುಂಬಾ ಇಷ್ಟ. ಮಗುವಿಗೆ ಮನುಷ್ಯನ ಆಕಾರದ ಖಾಲಿ ಚಿತ್ರ ಕೊಡುತ್ತಾರೆ. ತನ್ನ ಒಂದೊಂದು ಭಾಷೆಗೆ ಒಂದೊಂದು ಬಣ್ಣ ಆರಿಸಿಕೊಂಡು, ಮೈಯಲ್ಲಿ ಅದು ಎಲ್ಲಿದೆ ಅನ್ನಿಸುತ್ತೋ ಅಲ್ಲಿ ಮಗು ಬಣ್ಣ ಹಚ್ಚಬೇಕು. ಖರ್ಚು ಒಂದು ಹಾಳೆ, ಆದರೆ ತರಗತಿಯಲ್ಲಿ ಯಾವ ಯಾವ ಭಾಷೆ ಕೂತಿವೆ ಅಂತ ಮೇಷ್ಟ್ರಿಗೆ ಗೊತ್ತಾಗುತ್ತದೆ.

ಚೌಕಟ್ಟನ್ನೂ ತಿದ್ದಿದರು. 2020ರ ಪರಿಷ್ಕೃತ ಪುಸ್ತಕದಲ್ಲಿ ಮೆಟ್ಟಿಲುಗಳನ್ನು ವಿವರಿಸುವಾಗ 'ಹುಟ್ಟುಭಾಷಿಕರ ಹಾಗೆ' ಅನ್ನೋ ಮಾತನ್ನೇ ತೆಗೆದರು. 2022ರ ಫೆಬ್ರವರಿಯಲ್ಲಿ ಕೌನ್ಸಿಲ್‌ನ ಮಂತ್ರಿಗಳ ಸಮಿತಿ, ಹಲವು ಭಾಷೆ ಮತ್ತು ಹಲವು ಸಂಸ್ಕೃತಿಗಳನ್ನು ಒಳಗೊಂಡ ಶಿಕ್ಷಣ ಪ್ರಜಾಪ್ರಭುತ್ವಕ್ಕೇ ಬೇಕು ಅಂತ ಶಿಫಾರಸು ಮಾಡಿತು. ಶಿಫಾರಸು ಅಂದರೆ ಶಿಫಾರಸು ಅಷ್ಟೇ, ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ.

ಹಾಗಾಗಿ ಈಗ ಕನ್ನಡದ ಮಗುವೊಂದು ಯುರೋಪಿಗೆ ಹೋದರೆ ಮನೆಮಾತಿನ ಗತಿ ಯಾವ ಊರಿಗೆ ಹೋಯಿತು ಅನ್ನೋದರ ಮೇಲೆ ನಿಂತಿದೆ. ಬಹಳ ಕಡೆ ಅದು ಕನ್ನಡ ಸಂಘದ ಭಾನುವಾರದ ಕ್ಲಾಸಿನ ಕೆಲಸ. ಸ್ವೀಡನ್‌ನಲ್ಲಾದರೆ ಕಾನೂನಿನ ಬಲ ಇದೆ, ಆದರೆ ಷರತ್ತುಗಳೂ ಇವೆ. ಮನೆಯಲ್ಲಿ ದಿನವೂ ಆ ಭಾಷೆ ಮಾತಾಡುತ್ತಿರಬೇಕು, ಅದು ಮಗುವಿಗೆ ಸ್ವಲ್ಪ ಬರಬೇಕು, ಆ ಊರಲ್ಲಿ ಕನಿಷ್ಠ ಐದು ಮಕ್ಕಳು ಕೇಳಬೇಕು, ಕಲಿಸಲು ಯೋಗ್ಯ ಮೇಷ್ಟ್ರು ಸಿಗಬೇಕು. ಐದು ಮಕ್ಕಳನ್ನು ಹೇಗೋ ಕೂಡಿಸಬಹುದು. ಮೇಷ್ಟ್ರನ್ನು ಹುಡುಕುವುದು ಕಷ್ಟ.