ಬೆಂಕಿಗೆ ಉತ್ತರವಿಲ್ಲದ ಮರ

ಸೈಪ್ರಸ್ ದ್ವೀಪದ ಗುಡ್ಡವೊಂದರಲ್ಲಿ ಪೈನ್ ಮರದ ಬಲಿತ ಕಾಯಿಯನ್ನು ಕೈಗೆತ್ತಿಕೊಂಡರೆ ಅದು ಮರದ ಗಂಟಿನಷ್ಟು ಗಟ್ಟಿಯಾಗಿರುತ್ತದೆ. ಪದರಗಳ ಸಂದಿಗೆ ಉಗುರು ತೂರಿಸಲೂ ಆಗುವುದಿಲ್ಲ. ರಾಳ ಅವನ್ನು ಬೆಸೆದುಬಿಟ್ಟಿದೆ. ಈ ದ್ವೀಪದ ಬೆಟ್ಟಗಳನ್ನು ಹೆಚ್ಚಾಗಿ ಆವರಿಸಿರುವ ಬ್ರೂಷಿಯಾ ಪೈನ್ ತನ್ನ ಕಾಯಿಗಳಲ್ಲಿ ಒಂದಷ್ಟನ್ನು ವರ್ಷಗಟ್ಟಲೆ ಹೀಗೇ ಬಾಯಿ ಮುಚ್ಚಿಸಿ ಇಟ್ಟುಕೊಂಡಿರುತ್ತದೆ. ಕಾಡ್ಗಿಚ್ಚು ಬಂದಾಗ ಮರ ಸುಟ್ಟು ಸಾಯುತ್ತದೆ. ಆದರೆ ಅದೇ ಕಾವಿಗೆ ರಾಳ ಕರಗಿ ಕಾಯಿ ಬಿರಿಯುತ್ತದೆ, ಬೀಜ ಬೂದಿಯ ಮೇಲೆ ಉದುರುತ್ತದೆ. ಚಳಿಗಾಲದ ಮಳೆ ಬಿದ್ದ ಮೇಲೆ ಕರಿನೆಲದಲ್ಲಿ ಸೂಜಿಯಂಥ ಹಸಿರು ಮೊಳಕೆಗಳು ಏಳುತ್ತವೆ.

ಅದೇ ಇಳಿಜಾರಿನಲ್ಲಿ, ಪೈನ್ ನೆರಳಿನಲ್ಲಿ, ಪೊದೆಯೂ ಅಲ್ಲದ ಮರವೂ ಅಲ್ಲದ ಒಂದು ಓಕ್ ಬೆಳೆಯುತ್ತದೆ. ಎಲೆಯ ಮೇಲ್ಮೈ ಎಣ್ಣೆ ಸವರಿದಂತೆ ಮಿರುಗುವ ಕಡುಹಸಿರು. ತಿರುವಿ ಹಾಕಿದರೆ ಹಿಂಬದಿಯಲ್ಲಿ ಚಿನ್ನದ ಬಣ್ಣ. ಒತ್ತಾಗಿ ಹೆಣೆದುಕೊಂಡ ನವಿರು ರೋಮಗಳ ಹೊದಿಕೆ ಅದು. ಮಳೆಯೇ ಇಲ್ಲದ ದೀರ್ಘ ಬೇಸಿಗೆಯಲ್ಲಿ ಎಲೆಯ ನೀರು ಆರಿಹೋಗದಂತೆ ತಡೆಯಲು ನೆರವಾಗುತ್ತದೆ. ಈ ಹೊನ್ನಿನ ಓಕ್ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. 2006ರಲ್ಲಿ ಸೈಪ್ರಸ್ ಇದನ್ನು ತನ್ನ ರಾಷ್ಟ್ರೀಯ ಮರವೆಂದು ಘೋಷಿಸಿತು. ಬೆಂಕಿಗೆ ಇದರ ಉತ್ತರ ಪೈನ್‌ಗಿಂತ ಬೇರೆ. ಮೇಲಿನದ್ದೆಲ್ಲ ಸುಟ್ಟುಹೋದರೂ ಬುಡ ಸಾಯುವುದಿಲ್ಲ, ಅಲ್ಲಿಂದಲೇ ಮತ್ತೆ ಚಿಗುರುತ್ತದೆ. ಜಾರುವ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವುದೂ ಇದೇ ಬೇರು.

ಇನ್ನೊಂದು ಮರವಿದೆ. ನಾನು ಈ ಲೇಖನಕ್ಕೆ ಕೈ ಹಾಕಿದ್ದೇ ಅದಕ್ಕಾಗಿ.

ಪಶ್ಚಿಮದ ಪಾಫೋಸ್ ಅರಣ್ಯದಲ್ಲಿ ಟ್ರಿಪಿಲೋಸ್ ಎಂಬ ಶಿಖರದ ಸುತ್ತ, ಕೆಲವೇ ಚದರ ಕಿಲೋಮೀಟರ್ ಜಾಗದಲ್ಲಿ, ಸೈಪ್ರಸ್ ಸೀಡರ್ ಇದೆ. ನಮ್ಮ ಹಿಮಾಲಯದ ದೇವದಾರು, ಲೆಬನಾನಿನ ಸೀಡರ್, ಮೊರೊಕ್ಕೊ ಮತ್ತು ಅಲ್ಜೀರಿಯಾದ ಅಟ್ಲಾಸ್ ಸೀಡರ್ ಇದರ ಒಡಹುಟ್ಟುಗಳು. ಸೂಜಿ ಎಲೆಗಳು ತೀರ ಗಿಡ್ಡ, ಬಹುಪಾಲು ಒಂದು ಸೆಂಟಿಮೀಟರ್ ಆಸುಪಾಸು. ಪ್ರತ್ಯೇಕ ಪ್ರಭೇದವೋ ಲೆಬನಾನಿನ ಸೀಡರ್‌ನ ಒಂದು ಬಗೆಯೋ ಎಂಬ ಚರ್ಚೆ ಸಸ್ಯವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಈ ಮರಕ್ಕೆ ಬೆಂಕಿಯನ್ನು ಎದುರಿಸುವ ಯಾವ ಉಪಾಯವೂ ಗೊತ್ತಿಲ್ಲ. ಇದರ ಕಾಯಿ ಮರದ ಮೇಲೆಯೇ ಪದರ ಪದರವಾಗಿ ಕಳಚಿ ಬೀಜ ಚೆಲ್ಲಿಬಿಡುತ್ತದೆ. ರಾಳದಲ್ಲಿ ಮುದ್ರೆಯೊತ್ತಿ ಕೂಡಿಡುವ ಅಭ್ಯಾಸ ಇಲ್ಲ. ಸುಟ್ಟ ಬುಡ ಚಿಗುರುವುದೂ ಇಲ್ಲ. ದೊಡ್ಡ ಬೆಂಕಿಯೊಂದು ಆ ಕಣಿವೆಯನ್ನು ಹೊಕ್ಕರೆ ಉಳಿದ ಮರಗಳ ಬೀಜವೇ ಗತಿ, ಅದೂ ಮರಗಳು ಉಳಿದರೆ.

ಇಷ್ಟಾದರೂ ಉಳಿದುಬಂದಿರುವುದು ಸಣ್ಣ ಮಾತಲ್ಲ. ಈ ದ್ವೀಪದ ಕಾಡು ಕಂಡಷ್ಟು ಕೊಡಲಿ, ಕುಲುಮೆಗಳನ್ನು ಕಂಡ ಕಾಡುಗಳು ವಿರಳ. ತಾಮ್ರದ ಲ್ಯಾಟಿನ್ ಹೆಸರು ಕುಪ್ರಮ್ ಬಂದಿರುವುದೇ ಸೈಪ್ರಸ್‌ನಿಂದ. ಅದಿರು ಕರಗಿಸಲು ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಟ್ರೋಡೋಸ್ ಬೆಟ್ಟಗಳ ತಪ್ಪಲಲ್ಲಿ ಪ್ರಾಚೀನ ಕುಲುಮೆಗಳ ಕಿಟ್ಟ ಇಂದಿಗೂ ಕಪ್ಪು ದಿಬ್ಬಗಳಾಗಿ ಬಿದ್ದಿದೆ. ಎಲ್ಲ ಸೇರಿಸಿದರೆ ಸುಮಾರು 40 ಲಕ್ಷ ಟನ್ ಎಂಬ ಅಂದಾಜಿದೆ. ಬಯಲುಗಳಲ್ಲಿ ಬೇಸಾಯಕ್ಕೆ ಜಾಗವಿಲ್ಲದಷ್ಟು ಕಾಡಿತ್ತು, ಗಣಿಗೂ ಹಡಗಿಗೂ ಕಡಿದು ಮುಗಿಯಲಿಲ್ಲ, ಕೊನೆಗೆ ಕಡಿದವರಿಗೇ ಭೂಮಿಯನ್ನು ತೆರಿಗೆಯಿಲ್ಲದೆ ಬಿಟ್ಟುಕೊಟ್ಟರು ಎಂದು ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಬರೆದಿದ್ದನ್ನು ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಇನ್ನೊಂದೆಡೆ, ಸಸ್ಯಗಳ ಬಗ್ಗೆ ಬರೆದ ಗ್ರೀಕ್ ತತ್ವಜ್ಞಾನಿ ಥಿಯೋಫ್ರಾಸ್ಟಸ್, ಸೈಪ್ರಸ್ಸಿನ ರಾಜರು ಮರಗಳನ್ನು ಕಡಿಯದೆ ಕಾಪಾಡುತ್ತಿದ್ದರು ಎನ್ನುತ್ತಾನೆ. ದಿಮ್ಮಿಗಳನ್ನು ಬೆಟ್ಟದಿಂದ ಇಳಿಸುವುದು ಕಷ್ಟವಾಗಿದ್ದುದೂ ಒಂದು ಕಾರಣವಂತೆ. ಸೀಡರ್‌ಗಳನ್ನು ಕಾಪಾಡಿದ್ದರಲ್ಲಿ ಆ ಕಡಿದಾದ ಕಣಿವೆಗಳ ಪಾಲು ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂದಾಗ ಬೆಟ್ಟಗಳು ಸಾಕಷ್ಟು ಬೋಳಾಗಿದ್ದವು. ಮರುವರ್ಷವೇ ಭಾರತದ ಅರಣ್ಯ ಇಲಾಖೆಯ ಎ. ಇ. ವೈಲ್ಡ್ ಎಂಬ ಅಧಿಕಾರಿ ಅಲ್ಲಿಗೆ ಹೋಗಿ ಕಾಡುಗಳ ಸ್ಥಿತಿಯ ಬಗ್ಗೆ ವರದಿ ಬರೆದ. ಅರಣ್ಯ ಕಾನೂನು ಬಂದದ್ದೂ ಅದೇ 1879ರಲ್ಲಿ. ಕೊಡಲಿಗಿಂತ ಜಟಿಲವಾದ ಸಮಸ್ಯೆ ಮೇಕೆಯದಾಗಿತ್ತು. ಮೇಕೆ ದೊಡ್ಡ ಮರವನ್ನು ಮುಟ್ಟುವುದಿಲ್ಲ, ಆದರೆ ನಿನ್ನೆ ಎದ್ದ ಸಸಿಯನ್ನು ಇಂದು ಮೇಯುತ್ತದೆ. ಮುದಿಮರಗಳು ನಿಂತೇ ಇರುತ್ತವೆ, ಅವುಗಳ ಕೆಳಗೆ ಮಕ್ಕಳು ಮಾತ್ರ ಇರುವುದಿಲ್ಲ. ಹಾಗೆಂದು ಮೇಕೆಯನ್ನೇ ನಂಬಿದ ಬೆಟ್ಟದ ಬಡವರನ್ನು ಓಡಿಸುವುದು ನ್ಯಾಯವೂ ಆಗಿರಲಿಲ್ಲ, ಸುಲಭವೂ ಆಗಿರಲಿಲ್ಲ. 1913ರ ಕಾನೂನು ಈ ತೀರ್ಮಾನವನ್ನು ಹಳ್ಳಿಗಳಿಗೇ ಬಿಟ್ಟಿತು: ಮೇಕೆ ಬೇಡವೆಂದರೆ ಊರವರೇ ಮತ ಹಾಕಿ ಹೇಳಬೇಕು. ಹಣ, ಜಮೀನು ಕೊಟ್ಟು ಮೇಕೆಗಾರರನ್ನು ಒಪ್ಪಿಸುವ ಕೆಲಸ ದಶಕಗಟ್ಟಲೆ ನಡೆಯಿತು.

1939ರಲ್ಲಿ ಪಾಫೋಸ್ ಅರಣ್ಯವನ್ನು ವನ್ಯಜೀವಿ ರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಅಲ್ಲಿನವರು ಅಗ್ರಿನೋ ಎಂದು ಕರೆಯುವ ಕಾಡುಕುರಿ ಅಷ್ಟರಲ್ಲಿ ಬೇಟೆಗೆ ಬಲಿಯಾಗಿ ಬೆರಳೆಣಿಕೆಗೆ ಇಳಿದಿತ್ತು. ಇಂದು ಅದರ ಸಂತತಿ ಸಾವಿರಗಳ ಲೆಕ್ಕದಲ್ಲಿದೆ.

ಕಾಪಾಡುವುದಕ್ಕೂ ಒಂದು ಮಿತಿಯಿದೆ. 1974ರ ಜುಲೈ ತಿಂಗಳಲ್ಲಿ ಟರ್ಕಿಯ ಸೇನೆ ದ್ವೀಪಕ್ಕೆ ಇಳಿದಾಗ ವಿಮಾನಗಳು ಹಾಕಿದ ಬಾಂಬುಗಳಿಂದ ಪಾಫೋಸ್ ಅರಣ್ಯದ ದೊಡ್ಡ ಭಾಗ ಸುಟ್ಟುಹೋಯಿತು. ಆಮೇಲೆ ಇಳಿಜಾರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಪೈನ್ ಬೀಜ ಬಿತ್ತಿದರು. 2016ರಲ್ಲಿ ಸೊಲೇಯಾ ಕಣಿವೆಯ ಬೆಂಕಿಯಲ್ಲಿ ಇಬ್ಬರು ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು. 2021ರ ಜುಲೈನಲ್ಲಿ ಅರಕಪಾಸ್ ಎಂಬ ಹಳ್ಳಿಯ ಬಳಿ ಎದ್ದ ಬೆಂಕಿ 50 ಚದರ ಕಿಲೋಮೀಟರಿಗೂ ಹೆಚ್ಚು ಜಾಗವನ್ನು ನುಂಗಿತು. ಈಜಿಪ್ಟಿನಿಂದ ಕೂಲಿಗೆ ಬಂದಿದ್ದ ನಾಲ್ವರು ಅದರಲ್ಲಿ ಸುಟ್ಟು ಸತ್ತರು. ಹೀಗೆ ಮೇಲಿಂದ ಮೇಲೆ ಬೆಂಕಿ ಬಿದ್ದರೆ ಪೈನ್‌ನ ಉಪಾಯವೂ ಸೋಲುತ್ತದೆ. ಎಳೆಯ ಪೈನ್ ಸಾಕಷ್ಟು ಕಾಯಿ ಬಿಡಲು ಹಲವು ವರ್ಷ ಬೇಕು. ಅದಕ್ಕೆ ಮೊದಲೇ ಎರಡನೆಯ ಬೆಂಕಿ ಬಂದರೆ ಬೂದಿಯ ಮೇಲೆ ಉದುರಲು ಬೀಜವೇ ಇರುವುದಿಲ್ಲ.

ಹಾಗಾದರೆ ಜನರನ್ನು ಕಾಡಿನಿಂದ ಹೊರಗಿಡಬೇಕೇ? ಸೈಪ್ರಸ್ಸಿನ ಅರಣ್ಯ ಇಲಾಖೆ ಹಿಡಿದ ದಾರಿ ಬೇರೆ, ನನಗೆ ಮೆಚ್ಚಿಗೆಯಾದದ್ದೂ ಅದೇ. ಭಾನುವಾರ ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋಗಿ, ಉದ್ದ ಕಂಬಿಗೆ ಮಾಂಸದ ದಪ್ಪ ತುಂಡುಗಳನ್ನು ಪೋಣಿಸಿ, ಇದ್ದಿಲ ಮೇಲೆ ನಿಧಾನವಾಗಿ ತಿರುಗಿಸುತ್ತ ಸುಡುವುದು ಅಲ್ಲಿನವರ ದೊಡ್ಡ ಸಂಭ್ರಮ. ಸೂವ್ಲಾ ಎಂದು ಅದರ ಹೆಸರು. ಬೆಂಕಿಗೆ ಹೆದರುವ ಕಾಡಿಗೆ ಇದಕ್ಕಿಂತ ಅಪಾಯದ ಹಬ್ಬ ಇನ್ನೊಂದಿರಲಾರದು. ಇಲಾಖೆ ಅದನ್ನು ನಿಷೇಧಿಸಲಿಲ್ಲ. ಕಾಡಿನೊಳಗೇ ವನಭೋಜನದ ತಾಣಗಳನ್ನು ಮಾಡಿ, ಮೇಜು, ನೀರಿನ ನಲ್ಲಿ, ಕಟ್ಟಿದ ಒಲೆಗಳನ್ನು ಒದಗಿಸಿತು. ಬೆಂಕಿ ಅಲ್ಲಿ ಮಾತ್ರ. ವಿಪರೀತ ಸೆಕೆಯ ದಿನಗಳಲ್ಲಿ ಅಲ್ಲಿಯೂ ಹಚ್ಚುವಂತಿಲ್ಲವೆಂಬ ಆದೇಶ ಹೊರಡುತ್ತದೆ. ನಡೆಯುವವರಿಗೆ ಕಾಲುದಾರಿಗಳಿವೆ: 1,952 ಮೀಟರ್ ಎತ್ತರದ ಖಿಯೋನಿಸ್ಟ್ರಾ ಶಿಖರವನ್ನು ಬಳಸಿ ಬರುವ ಆರ್ಟೆಮಿಸ್ ದಾರಿ ಸುಮಾರು 7 ಕಿಲೋಮೀಟರ್, ಉದ್ದಕ್ಕೂ ಕಪ್ಪು ಪೈನ್‌ಗಳು.

ಸೀಡರ್‌ಗೆ ಈಗ ಬೆಂಕಿಯ ಜೊತೆ ಇನ್ನೊಂದು ಕಷ್ಟ ಸೇರಿದೆ. ವಾತಾವರಣ ಬಿಸಿಯಾದಂತೆ ಬೆಟ್ಟದ ಮರಗಳು ತಲೆಮಾರಿನಿಂದ ತಲೆಮಾರಿಗೆ ತಂಪಿನ ಕಡೆಗೆ, ಮೇಲಕ್ಕೆ ಸರಿಯಬೇಕು. ಟ್ರಿಪಿಲೋಸ್‌ನ ನೆತ್ತಿಯಿರುವುದು ಸುಮಾರು 1,360 ಮೀಟರಿಗೆ, ಸೀಡರ್ ಆಗಲೇ ಅಲ್ಲಿದೆ. ಇನ್ನೂ ಎತ್ತರದ ಟ್ರೋಡೋಸ್ ಶಿಖರಗಳಿಗೂ ಅದಕ್ಕೂ ನಡುವೆ ತಗ್ಗಿನ, ಬಿಸಿಯ ಕಣಿವೆಗಳು ಅಡ್ಡ ಬಂದಿವೆ. ಗಾಳಿಗೆ ಹಾರುವ ಬೀಜ ಅಷ್ಟು ದೂರ ಹೋಗಲಾರದು. ಆದ್ದರಿಂದ ಬೀಜವನ್ನು ಜನರೇ ಹೊತ್ತೊಯ್ದಿದ್ದಾರೆ. ಟ್ರೋಡೋಸ್‌ನ ಎತ್ತರದಲ್ಲಿ ನರ್ಸರಿಯ ಸಸಿಗಳಿಂದ ಬೆಳೆಸಿದ ಸೀಡರ್‌ಗಳು ಇಂದು ಕಪ್ಪು ಪೈನ್‌ಗಳ ನಡುವೆ, ಚಳಿಗಾಲದ ಹಿಮವನ್ನು ಅಡ್ಡಚಾಚಿದ ಕೊಂಬೆಗಳ ಮೇಲೆ ಹೊತ್ತು ನಿಂತಿವೆ.